ಊರ ಬೆಳಕಿನ ಬಂಡವಾಳ

ಬಸವಕಲ್ಯಾಣ, ಹುಮನಾಬಾದ್‌ನಂಥ ಊರುಗಳಲ್ಲಿ ಕ್ಯಾಮೆರಾ ನೆಚ್ಚಿ ಬದುಕಲು ಹೊರಟವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ತೆಗೆದ ಲಗ್ನದ ಫೋಟೋಗಳನ್ನು ದಿನಾ ಇನ್‌ಸ್ಟಾಗ್ರಾಂಗೆ ಹಾಕಿ, ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಿ, ಆರ್ಡರ್ ತಾನೇ ಬರುತ್ತದೆ. ಸಲಹೆ ಪೂರಾ ಸುಳ್ಳಲ್ಲ. ಆದರೂ ಈ ಕಸುಬನ್ನು ಪ್ರೀತಿಸುವ ನನಗೆ ಬೇರೆಯೇ ಒಂದು ಮಾತು ಹೇಳುವುದಿದೆ. ಯಾವ ಪತ್ರಿಕೆಯ, ಯಾವ ಸ್ಟುಡಿಯೋದ ಸಂಬಳವೂ ಇಲ್ಲದ ಛಾಯಾಗ್ರಾಹಕನ ಮನೆ ನಡೆಯುವುದು ಲಗ್ನ, ಕುಬಸ, ತೊಟ್ಟಿಲು, ಗೃಹಪ್ರವೇಶಗಳಿಂದ. ಅದರಲ್ಲಿ ಅನುಮಾನವಿಲ್ಲ. ಆದರೆ ಅವನ ಹೆಸರು ನಡೆಯಬೇಕಾದದ್ದು ಯಾರೂ ಕರೆಯದೆ, ಯಾರೂ ಸಂಚಕಾರ ಕೊಡದೆ, ತನ್ನ ಆಸೆಗೆ ತಾನೇ ಹೋಗಿ ತೆಗೆದ ಊರಿನ ಚಿತ್ರಗಳಿಂದ. ಕೋಟೆ, ಗುಡಿ, ಜಾತ್ರೆ, ಹೊಲ ಎಂದು ಅಲೆಯುವ, ಹವ್ಯಾಸವೆಂದು ನಾವು ಬದಿಗಿಡುವ ಕೆಲಸವೇ ಸಣ್ಣ ಊರಿನ ಫೋಟೋ ವ್ಯಾಪಾರಕ್ಕೆ ಸರಿಯಾದ ಪ್ರಚಾರ ಎಂಬುದು ನನ್ನ ವಾದ.

ಇದಕ್ಕೆ ಮೊದಲ ಕಾರಣ ಕಾನೂನಿನಲ್ಲೇ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಹಣ ಕೊಟ್ಟು ಹೇಳಿ ತೆಗೆಸಿಕೊಂಡ ಫೋಟೋದ ಮೊದಲ ಹಕ್ಕುದಾರರು ತೆಗೆಸಿಕೊಂಡವರೇ. ಬೇರೆ ಕರಾರು ಆಗಿದ್ದರೆ ಮಾತ್ರ ಲೆಕ್ಕ ಬದಲಾಗುತ್ತದೆ. ಅಕ್ಕಿಕಾಳು ಬೀಳುವ ಗಳಿಗೆಯನ್ನು ಎಷ್ಟು ಚೆಂದ ಹಿಡಿದರೂ, ಕರಾರಿಲ್ಲದಿದ್ದರೆ ಆ ಚಿತ್ರ ಲಗ್ನದ ಮನೆಯವರದು. ಅದನ್ನು ತನ್ನ ಜಾಹೀರಾತಿಗೆ ಬಳಸುವವನು ಬೇರೆಯವರ ಆಸ್ತಿಯನ್ನು ತನ್ನ ಅಂಗಡಿಯ ಮುಂದೆ ಇಟ್ಟಂತಾಯಿತು. ಹಾಗಾದರೆ ಕರಾರು ಬರೆಸಿಕೊಂಡರಾಯಿತಲ್ಲ ಎಂದು ಕೇಳಬಹುದು. ಬರೆಸಿಕೊಳ್ಳಲೇಬೇಕು, ಎಷ್ಟು ಫೋಟೋ, ಎಂದು ಕೊಡುವುದು, ಆಲ್ಬಂಗೆ ಎಷ್ಟು ಪುಟ, ಯಾವುದನ್ನು ಹೊರಗೆ ತೋರಿಸಬಹುದು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟರೆ ಎರಡೂ ಕಡೆಗೆ ನೆಮ್ಮದಿ. ಆದರೆ ಸಹಿ ಹಾಕುವುದು ಮನೆಯ ಯಜಮಾನರು, ಚಿತ್ರದಲ್ಲಿ ಇರುವುದು ಮಗಳು, ಸೊಸೆ, ಬೀಗರ ಮನೆಯ ಹೆಂಗಸರು, ಓಣಿಯ ಹುಡುಗಿಯರು. ಅವರೆಲ್ಲರ ಒಪ್ಪಿಗೆಯನ್ನು ಒಂದು ಸಹಿ ಹೊತ್ತು ತರುವುದಿಲ್ಲ. ಪರಸ್ಪರ ಗುರುತಿನ ಮೇಲೆಯೇ ಬದುಕುವ ಊರಿನಲ್ಲಿ ಒಂದು ಮುಖ ಬೇಡವಾದ ಕಡೆ ಕಾಣಿಸಿಕೊಂಡರೆ ಛಾಯಾಗ್ರಾಹಕನಿಗೆ ಆ ಓಣಿಯ ಬಾಗಿಲೇ ಮುಚ್ಚುತ್ತದೆ. ತನ್ನದೆಂದು ಧೈರ್ಯವಾಗಿ ಹೇಳಿ, ಎಲ್ಲಿ ಬೇಕಾದರೂ ತೂಗುಹಾಕಬಹುದಾದ ಚಿತ್ರ ಬೇಕೆಂದರೆ ಅದನ್ನು ಲಗ್ನದ ಚಪ್ಪರದ ಹೊರಗೇ ಹುಡುಕಬೇಕು.

ಹೀಗೆ ಹುಡುಕುವುದಕ್ಕೆ ಬಸವಕಲ್ಯಾಣ, ಹುಮನಾಬಾದ್‌ಗಳ ಸುತ್ತಲಿನ ನೆಲದಷ್ಟು ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹುಮನಾಬಾದ್ ಹತ್ತಿರದ ಜಲಸಂಗಿಯ ಗುಡಿಯ ಗೋಡೆಯ ಮೇಲೆ, ಕಲ್ಯಾಣವನ್ನು, ಅಂದರೆ ಇಂದಿನ ಬಸವಕಲ್ಯಾಣವನ್ನು, ಆಳಿದ ಆರನೇ ವಿಕ್ರಮಾದಿತ್ಯನ ಹೊಗಳಿಕೆಯನ್ನು ಬರೆಯುತ್ತ ನಿಂತ ಒಬ್ಬ ಶಿಲಾಬಾಲಿಕೆ ಇದ್ದಾಳೆ. ನೆತ್ತಿಯ ಬಿಸಿಲಿನಲ್ಲಿ ಅವಳ ಫೋಟೋ ತೆಗೆದರೆ ಮುಖ ಕಪ್ಪಾಗಿ, ಅಕ್ಷರ ಕಲ್ಲಿನೊಳಗೆ ಕರಗಿ ಹೋಗುತ್ತದೆ. ಗೋಡೆಯ ದಿಕ್ಕು ನೋಡಿಕೊಂಡು, ಬೆಳಕು ಕಲ್ಲನ್ನು ಸವರಿಕೊಂಡು ಹೋಗುವ ಹೊತ್ತಿಗೆ ನಿಲ್ಲಬೇಕು. ಆಗ ಉಳಿಯ ಒಂದೊಂದು ಏಟಿನ ಬದಿಗೂ ಕೂದಲೆಳೆಯಷ್ಟು ನೆರಳು ಬಿದ್ದು ಅಕ್ಷರ ಎದ್ದು ನಿಲ್ಲುತ್ತದೆ, ಸೊಂಟದ ಬಾಗು ತಿಳಿಯುತ್ತದೆ. ಬಸವಕಲ್ಯಾಣದ ಹತ್ತಿರದ ನಾರಾಯಣಪುರದ ಶಿವಾಲಯದಲ್ಲೂ ಇದೇ ಪಾಠ. ಕಲ್ಯಾಣದ ಕೋಟೆಯೊಳಗೆ ಪಾಠ ಬೇರೆ: ಬಾಗಿಲಾಚೆ ಬಿಸಿಲು, ಈಚೆ ಕತ್ತಲು, ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು ಕ್ಯಾಮೆರಾಕ್ಕೆ ಆಗದು, ಯಾವುದನ್ನು ಬಿಡಬೇಕೆಂದು ಮನುಷ್ಯನೇ ತೀರ್ಮಾನಿಸಬೇಕು. 2012ರಲ್ಲಿ ಅನಾವರಣಗೊಂಡ 108 ಅಡಿಯ ಬಸವಣ್ಣನ ಪ್ರತಿಮೆಯ ಬುಡದಲ್ಲಿ ನಿಂತು ವೈಡ್ ಲೆನ್ಸ್ ಹಾಕಿದರೆ ಕುಳಿತ ಮೂರ್ತಿಯ ಮೊಣಕಾಲೇ ದೊಡ್ಡದಾಗಿ ಮುಖ ಸಣ್ಣದಾಗುತ್ತದೆ. ದೂರ ನಡೆದು, ಉದ್ದದ ಲೆನ್ಸಿನಲ್ಲಿ ನೋಡಿದಾಗ ಮೂರ್ತಿಯ ಪ್ರಮಾಣ ಮರಳಿ ಬರುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಹೊಲಕ್ಕೆ ಹೋದರೆ ಬುತ್ತಿ ಹೊತ್ತ ಹೆಂಗಸರು, ಚರಗ ಚೆಲ್ಲುವ ಗಂಡಸರು, ಭಜ್ಜಿ ರೊಟ್ಟಿ ಅಂಬಲಿಯ ಸುತ್ತ ಕೂತ ಮಂದಿ. ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯಲ್ಲಿ ಬೆಳಕಿಗೆ ಎದುರಾಗಿ ನಿಂತರೆ ಎದ್ದ ಧೂಳೂ ಹೊಳೆಯುತ್ತದೆ. ಕಣ್ಣಿಗೆ ಇಷ್ಟೊಂದು ಊಟ ಹಾಕುವ ಸೀಮೆಯಲ್ಲಿದ್ದು ವರ್ಷವಿಡೀ ಬರೀ ವೇದಿಕೆಯ ಎಲ್‌ಇಡಿ ಬೆಳಕಿನಲ್ಲಿ ಕಳೆಯುವುದು ನನಗಂತೂ ದೊಡ್ಡ ನಷ್ಟವೆಂದೇ ಅನಿಸುತ್ತದೆ.

ಆಸೆಯ ಚಿತ್ರ ಅನ್ನ ತರುತ್ತದೆಯೇ ಎಂಬ ಪ್ರಶ್ನೆಗೆ ಉತ್ತರ ಬೇಕಾದರೆ ದೂರ ಹೋಗಬೇಕಿಲ್ಲ. ಈ ಊರುಗಳಿರುವ ಬೀದರ್ ಸೀಮೆ ಹೈದರಾಬಾದ್ ಸಂಸ್ಥಾನದಲ್ಲಿದ್ದ ಕಾಲದಲ್ಲಿ, ಆ ಸಂಸ್ಥಾನದ ಅತಿ ದೊಡ್ಡ ಛಾಯಾಗ್ರಾಹಕ ಲಾಲಾ ದೀನ್ ದಯಾಳ್. 1844ರಲ್ಲಿ ಹುಟ್ಟಿ, ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆಯ ನೌಕರಿಯಲ್ಲಿದ್ದಾಗ ಅವರು ಹವ್ಯಾಸಕ್ಕಾಗಿ ಕ್ಯಾಮೆರಾ ಹಿಡಿದರು. ಮಧ್ಯ ಭಾರತದ ಗುಡಿ, ಅರಮನೆ, ಕೋಟೆಗಳನ್ನು ತೆಗೆದರು. ಆ ಚಿತ್ರಗಳು ಬ್ರಿಟಿಷ್ ಅಧಿಕಾರಿ ಲೆಪೆಲ್ ಗ್ರಿಫಿನ್ 1886ರಲ್ಲಿ ಪ್ರಕಟಿಸಿದ ಸ್ಮಾರಕಗಳ ಗ್ರಂಥಕ್ಕೆ ಸೇರಿದವು. ನೌಕರಿ ಬಿಟ್ಟು ಸಿಕಂದರಾಬಾದಿನಲ್ಲಿ ಸ್ವಂತ ಸ್ಟುಡಿಯೋ ಹಾಕಿದಾಗ ಅವರ ಕೈಯಲ್ಲಿದ್ದ ಪರಿಚಯಪತ್ರ ಈ ಚಿತ್ರಗಳೇ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ ದೀನ್ ದಯಾಳರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ಮಾಡಿಕೊಂಡ. ಹೈದರಾಬಾದಿನ ಮನೆತನಗಳ ಭಾವಚಿತ್ರ, ದರ್ಬಾರು, ಬೇಟೆ, ಔತಣ ಎಲ್ಲ ಆಮೇಲೆ ಬಂದ ಆರ್ಡರುಗಳು. ಕಲ್ಲಿನ ಚಿತ್ರ ಮೊದಲು, ಆಸ್ಥಾನದ ಚಿತ್ರ ನಂತರ ಎಂಬ ಈ ಕ್ರಮ ಆಕಸ್ಮಿಕವಲ್ಲ. ಕಟ್ಟಡವನ್ನು ಇಷ್ಟು ತಾಳ್ಮೆಯಿಂದ ನೋಡುವವನು ನಮ್ಮನ್ನೂ ಹಾಗೇ ನೋಡಿಯಾನು ಎಂಬ ಭರವಸೆ ನೋಡುಗರಲ್ಲಿ ಹುಟ್ಟುತ್ತದೆ. ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಅವರದೂ ಬಹಳ ಬೇರೆ ದಾರಿಯಲ್ಲ. ಸ್ವತಂತ್ರ ಛಾಯಾಗ್ರಾಹಕರಾಗಿ ಅವರು ಬೆನ್ನು ಹತ್ತಿದ್ದು ಸಾಮಾನ್ಯರ ದಿನನಿತ್ಯದ ಬದುಕನ್ನು. ಮಕ್ಕಳನ್ನು ಕುರಿತ ಅವರ ಚಿತ್ರಗಳು 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು.

ಆಸ್ಥಾನದ ಮಾತು ಬೇರೆ, ಹುಮನಾಬಾದಿನ ಮಾತು ಬೇರೆ, ಮಗಳ ಲಗ್ನಕ್ಕೆ ಫೋಟೋದವರನ್ನು ಗೊತ್ತು ಮಾಡಲು ಬಂದವರು ಶಿಲಾಬಾಲಿಕೆಯನ್ನು ನೋಡಿ ಏನು ಮಾಡಬೇಕು ಎಂಬ ಆಕ್ಷೇಪ ಗಟ್ಟಿಯಾದದ್ದು. ಅವರಿಗೆ ಒಂದು ಪೂರ್ತಿ ಆಲ್ಬಂ ತೋರಿಸಲೇಬೇಕು. ಒಪ್ಪಿಗೆ ಕೊಟ್ಟ ಒಂದೆರಡು ಮನೆಗಳ ಆಲ್ಬಮ್ಮನ್ನು ಎದುರು ಕೂರಿಸಿ, ಕೈಗೆ ಕೊಟ್ಟು, ಪುಟ ತಿರುವಿಸಿ ತೋರಿಸಿದರೆ ಸಾಕು, ಲೋಕಕ್ಕೆಲ್ಲ ಹರಡಬೇಕಿಲ್ಲ. ಆದರೆ ಅವರು ಬಾಗಿಲವರೆಗೆ ಬರುವುದು ಯಾಕೆ? ಎಲ್ಲರ ಸ್ಟೇಟಸ್ಸಿನಲ್ಲೂ ಅದೇ ಹಾರ, ಅದೇ ಹೊಗೆ, ಅದೇ ಪ್ರಿ-ವೆಡ್ಡಿಂಗ್ ಭಂಗಿ. ಒಬ್ಬನ ಕೆಲಸ ಇನ್ನೊಬ್ಬನದರಂತೆ ಕಾಣುವಾಗ ಗಿರಾಕಿಗೆ ಕೇಳಲು ಉಳಿಯುವುದು ದರ ಒಂದೇ. ತಮ್ಮೂರಿನ ಕೆರೆಯನ್ನು, ತಮ್ಮ ದೇವರ ತೇರನ್ನು ಹಿಂದೆಂದೂ ಕಾಣದಂತೆ ಕಂಡ ಚಿತ್ರ ಮಾತ್ರ ಇದನ್ನು ತೆಗೆದದ್ದು ಯಾರು ಎಂದು ಕೇಳಿಸುತ್ತದೆ. ಇನ್ನೊಂದು ಲಾಭ ಕೈಯೊಳಗಿನದು. ಕಲ್ಲಿನ ಮೇಲೆ ಅಡ್ಡ ಬೆಳಕನ್ನು ಕಾದು ಕಲಿತವನಿಗೆ ಸೀರೆಯ ಜರಿಯನ್ನು ಹೊಳೆಯಿಸಲು ಲೈಟನ್ನು ಎಲ್ಲಿ ಇಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ. ಕೋಟೆಯ ಬಾಗಿಲಿನ ಕತ್ತಲು ಬಿಸಿಲನ್ನು ಬಗೆಹರಿಸಿದವನು ಚಪ್ಪರದ ಅಂಚಿನಲ್ಲಿ ನಿಂತ ಮದುಮಗನ ಬಿಳಿ ಧೋತರವನ್ನು ಸುಟ್ಟುಹಾಕುವುದಿಲ್ಲ.

ಪುಕ್ಕಟೆ ಕೆಲಸಕ್ಕೆ ವೇಳೆ ಎಲ್ಲಿದೆ, ಯಂತ್ರ ಸವೆಯುವುದಿಲ್ಲವೇ ಎಂದೂ ಕೇಳುತ್ತಾರೆ. ಲೆಕ್ಕ ಹಾಕಿಯೇ ನೋಡೋಣ. ಮಧ್ಯಮ ದರ್ಜೆಯ ಡಿಎಸ್‌ಎಲ್‌ಆರ್‌ನ ಷಟರನ್ನು ತಯಾರಕರು ಸುಮಾರು 1.5 ಲಕ್ಷ ಕ್ಲಿಕ್ಕಿಗೆ ಪರೀಕ್ಷಿಸಿರುತ್ತಾರೆ. ಒಂದು ಲಗ್ನಕ್ಕೆ 3,000 ಸಲ ಒತ್ತಿದರೆ 50 ಲಗ್ನಕ್ಕೆ ಆ ಲೆಕ್ಕ ತುಂಬುತ್ತದೆ. ಗುಡಿಯ ಮುಂದೆ ಬೆಳಕು ಕಾಯುತ್ತ ಕೂತವನು ಇಡೀ ಬೆಳಗಿನಲ್ಲಿ ಒತ್ತುವುದು ಬೆರಳೆಣಿಕೆಯಷ್ಟು ಸಲ. ಕ್ಯಾಮೆರಾ ಸವೆಯುವುದು ಲಗ್ನದಲ್ಲಿ, ಆದ್ದರಿಂದ ಆ ಸವೆತವನ್ನು ಲಗ್ನದ ದರದಲ್ಲೇ ಹಿಡಿಯಬೇಕು. ವೇಳೆಯ ಮಾತಿಗೆ ಈ ಸೀಮೆಯ ಪಂಚಾಂಗವೇ ಉತ್ತರ. ತೊಗರಿ ರಾಶಿಯಾಗಿ ಕೈಗೆ ರೊಕ್ಕ ಬಂದ ಮೇಲೆ ಲಗ್ನಗಳ ಸುಗ್ಗಿ. ಆಷಾಢದಲ್ಲಿ, ಶುಕ್ರ ಅಸ್ತದಲ್ಲಿ ಹಿಂದೂ ಲಗ್ನಗಳು ನಿಲ್ಲುತ್ತವೆ; ರಂಜಾನಿನಲ್ಲಿ, ಮೊಹರಮ್ಮಿನಲ್ಲಿ ನಿಕಾಹ್ ಇರುವುದು ಅಪರೂಪ. ಕನ್ನಡ, ಉರ್ದು, ಮರಾಠಿ ಮೂರರಲ್ಲೂ ಮಾತಾಡಬಲ್ಲವನಿಗೆ ಒಂದು ಓಣಿ ಖಾಲಿಯಿದ್ದಾಗ ಇನ್ನೊಂದರಲ್ಲಿ ಕೆಲಸವಿರುತ್ತದೆ. ಎಲ್ಲ ಕಡೆಯೂ ಖಾಲಿಯಾದ ದಿನಗಳು ಸಿಕ್ಕಾಗ ಅವನ್ನು ಕೊಡಬೇಕಾದದ್ದು ಊರಿಗೆ. ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ಇಡಲು, ವಾಣಿಜ್ಯ ಚಿತ್ರೀಕರಣ ನಡೆಸಲು ಅನುಮತಿ ಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಇನ್ನೊಂದು ಆಕ್ಷೇಪ ಮನಸ್ಸಿಗೆ ಹತ್ತಿರದ್ದು. ಕಲ್ಯಾಣದಂಥ ಶರಣರ ನೆಲದಲ್ಲಿ ತನ್ನ ಕೆಲಸವನ್ನು ತಾನೇ ಸಾರಿಕೊಳ್ಳುವುದು ಸರಿಯೇ? ಪ್ರಚಾರ ಕಲ್ಯಾಣಕ್ಕೆ ಹೊಸದಲ್ಲ. ಕಾಶ್ಮೀರದ ಕವಿ ಬಿಲ್ಹಣ ಆಶ್ರಯ ಹುಡುಕುತ್ತ ಇಲ್ಲಿಗೇ ಬಂದು ವಿಕ್ರಮಾದಿತ್ಯನ ಮೇಲೆ ಮಹಾಕಾವ್ಯ ಬರೆದ. ಆದರೆ ಈ ಪ್ರಶ್ನೆಗೆ ನಾನು ಅರಮನೆಯ ಕಡೆಯಿಂದ ಉತ್ತರಿಸಲಾರೆ. ಶರಣರು ತಮ್ಮ ಕಾಯಕವನ್ನು ಮುಚ್ಚಿಟ್ಟವರಲ್ಲ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ ಎಂದು ಕೆಲಸದ ಗುರುತನ್ನು ಹೆಸರಿನ ಮುಂದೆಯೇ ಇಟ್ಟುಕೊಂಡವರು. ನುಲಿಯ ಚಂದಯ್ಯನ ಕಥೆಯಲ್ಲಿ, ಲಿಂಗವೇ ಹಗ್ಗ ಮಾರಿ ತಂದ ಹಣ ಹಗ್ಗದ ಬೆಲೆಗಿಂತ ಹೆಚ್ಚಿತ್ತೆಂದು ಚಂದಯ್ಯ ಅದನ್ನು ಒಪ್ಪುವುದಿಲ್ಲ. ಈ ಕಥೆಯನ್ನು ಫೋಟೋ ಕಸುಬಿನವರು ಎರಡೂ ಕಡೆಯಿಂದ ಓದಬೇಕು. ವಸ್ತುವಿಗೆ ತಕ್ಕ ಬೆಲೆಯೊಂದು ಇದೆ ಎಂದಾದರೆ ಹೆಚ್ಚು ಕೇಳುವುದು ಹೇಗೆ ತಪ್ಪೋ, ಪಕ್ಕದವನ ಆರ್ಡರ್ ಕೀಳಲು ಅದಕ್ಕಿಂತ ಕಡಿಮೆಗೆ ಇಳಿಯುವುದೂ ಹಾಗೆಯೇ ತಪ್ಪು. ಪೆಟ್ರೋಲು, ಸಹಾಯಕನ ಕೂಲಿ, ಆಲ್ಬಂ ಅಚ್ಚು, ಫೋಟೋಗಳನ್ನು ಎರಡು ಹಾರ್ಡ್‌ಡಿಸ್ಕಿನಲ್ಲಿ ಕಾಪಿಡುವ ಖರ್ಚು, ರಾತ್ರಿಯೆಲ್ಲ ಕೂತು ಆರಿಸಿ ಬಣ್ಣ ತಿದ್ದುವ ದುಡಿಮೆ ಎಲ್ಲವನ್ನೂ ಬರೆದು ಮುಂದಿಟ್ಟರೆ ಚೌಕಾಸಿಯ ಮಾತೇ ಬೇರೆಯಾಗುತ್ತದೆ. ಕಾಪಿಡುವುದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ: ದೀನ್ ದಯಾಳರ 2,857 ಗಾಜಿನ ನೆಗೆಟಿವ್‌ಗಳು ಉಳಿದುಬಂದದ್ದರಿಂದಲೇ 1989ರಲ್ಲಿ ಅವು ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರವನ್ನು ಸೇರಿದವು.

ಪುಣೆ-ಹೈದರಾಬಾದ್ ಹೆದ್ದಾರಿ ಮೊದಲೇ ಇತ್ತು, 2017ರ ಅಕ್ಟೋಬರಿನಲ್ಲಿ ಬೀದರ್-ಕಲಬುರಗಿ ರೈಲು ಮಾರ್ಗವೂ ಪೂರ್ತಿ ತೆರೆಯಿತು. ಈ ದಾರಿಗಳಲ್ಲಿ ದೊಡ್ಡ ಊರಿನ ತಂಡಗಳು ಡ್ರೋನ್ ಸಮೇತ ಬಂದಿಳಿಯುವಾಗ ಊರಿನವನು ಏನು ಮಾಡಿಯಾನು ಎಂಬ ಅಂಜಿಕೆ ಸಹಜ. ಡ್ರೋನನ್ನು ಊರಿನವನೂ ಕೊಳ್ಳಬಹುದು, ಬಾಡಿಗೆಗೂ ತರಬಹುದು. ಆದರೆ ಬೀದರಿನಲ್ಲಿ ವಾಯುಪಡೆಯ ತರಬೇತಿ ನೆಲೆ ಇರುವುದರಿಂದ ಅತ್ತ ಹಾರಿಸುವ ಮುನ್ನ ಸರ್ಕಾರದ ಡಿಜಿಟಲ್ ಸ್ಕೈ ಡ್ರೋನ್ ನಕ್ಷೆ ನೋಡಿ ಅನುಮತಿ ಪಡೆಯಲೇಬೇಕು. ಹೊರಗಿನ ತಂಡಕ್ಕೆ ಕೊಳ್ಳಲಾಗದ್ದು ಒಳಗಿನ ಪರಿಚಯ: ಸುರಿಗಿ ನೀರು ಹಾಕುವಾಗ ಯಾವ ಮೂಲೆಯಲ್ಲಿ ನಿಲ್ಲಬೇಕು, ನಿಕಾಹ್ ನಡೆಯುವಾಗ ಯಾವಾಗ ಕ್ಯಾಮೆರಾ ಇಳಿಸಬೇಕು, ಯಾವ ಅಜ್ಜಿಯ ಫೋಟೋ ಆಲ್ಬಮ್ಮಿನಲ್ಲಿ ಇರದಿದ್ದರೆ ಮನೆ ನೊಂದೀತು ಎಂಬುದೆಲ್ಲ. ಇದೇ ಜಾಗದಲ್ಲಿ ಹೆಣ್ಣುಮಕ್ಕಳಿಗೆ ದೊಡ್ಡ ಅವಕಾಶವಿದೆ. ದೀನ್ ದಯಾಳ್ 1892ರಲ್ಲೇ ಹೈದರಾಬಾದಿನಲ್ಲಿ ಪರದೆಯ ಹೆಂಗಸರಿಗೆಂದು ಜನಾನಾ ಸ್ಟುಡಿಯೋ ತೆರೆದು ಅದನ್ನು ಒಬ್ಬ ಮಹಿಳೆಯ ಕೈಗೆ ಒಪ್ಪಿಸಿದ್ದರು. ಇವತ್ತಿಗೂ ಬಸವಕಲ್ಯಾಣದ ಎಷ್ಟೋ ಮನೆಗಳಲ್ಲಿ ಹೆಂಗಸರ ಕಡೆಯ ಫೋಟೋವನ್ನು ಹೆಂಗಸೇ ತೆಗೆಯಲಿ ಎಂದು ಬಯಸುತ್ತಾರೆ. ಅಂಥ ಛಾಯಾಗ್ರಾಹಕಿ ಒಳಮನೆಯಲ್ಲಿ ತೆಗೆದ ಒಂದೂ ಚಿತ್ರ ಹೊರಗೆ ಬರುವಂತಿಲ್ಲ. ಅದೇ ಅವಳ ಮೇಲಿನ ನಂಬಿಕೆಯ ಬುನಾದಿ. ಅವಳ ಕೈಚಳಕ ತಾಯಂದಿರಿಗೆ ಗೊತ್ತಾಗಬೇಕಾದರೆ ಹುಮನಾಬಾದಿನ ಮಾಣಿಕನಗರದ ದತ್ತ ಜಯಂತಿ, ಬಸವಕಲ್ಯಾಣದ ತ್ರಿಪುರಾಂತ ಕೆರೆ, ಎಳ್ಳ ಅಮಾವಾಸ್ಯೆಯ ಹೊಲದ ಚಿತ್ರಗಳೇ ಗೊತ್ತು ಮಾಡಬೇಕು. ಅವನ್ನು ದೊಡ್ಡದಾಗಿ ಅಚ್ಚು ಹಾಕಿಸಿ, ಬಳೆ ಅಂಗಡಿ, ಹೊಲಿಗೆ ಅಂಗಡಿ, ಬ್ಯೂಟಿ ಪಾರ್ಲರುಗಳ ಗೋಡೆಗೆ ಕೇಳಿಕೊಂಡು ತೂಗುಹಾಕಿ, ಕೆಳಗೆ ಊರು, ವರ್ಷ, ತನ್ನ ಹೆಸರು, ಫೋನ್ ನಂಬರು ಬರೆಯುವುದು ಅವಳು ಈ ವಾರವೇ ಮಾಡಬಹುದಾದ ಕೆಲಸ.