ಓದಿದವರು ಏನಂದರು?

ಚಪ್ಪಲಿ ಕೊಳ್ಳುವ ಮೊದಲು ಎಷ್ಟು ಸ್ಟಾರ್ ಬಂದಿದೆ ಎಂದು ಫೋನಿನಲ್ಲಿ ನೋಡುತ್ತೇವೆ. ಸಿನಿಮಾಗೆ ಹೋಗುವ ಮೊದಲು ನೋಡಿ ಬಂದವರನ್ನು ವಿಚಾರಿಸುತ್ತೇವೆ. ಲೈಬ್ರರಿಯಲ್ಲಿ ಪುಸ್ತಕ ಆರಿಸುವಾಗ ಮಾತ್ರ ನಮ್ಮ ಅದೃಷ್ಟವೇ ಗತಿ. ಪುಸ್ತಕದ ಹೆಸರು, ಲೇಖಕರು, ಪ್ರಕಾಶಕರು, ವರ್ಷ, ಪುಟಗಳ ಸಂಖ್ಯೆ ಎಲ್ಲವನ್ನೂ ಕ್ಯಾಟಲಾಗ್ ಹೇಳುತ್ತದೆ. ಓದಿದವರಿಗೆ ಹೇಗನಿಸಿತು ಎಂಬುದೊಂದನ್ನು ಬಿಟ್ಟು.

ಹಳ್ಳಿಗಳಿಂದ ಬಂದು, ಪತ್ರಿಕೋದ್ಯಮ ಓದಿ, ವಿದ್ಯಾರಣ್ಯಪುರದಲ್ಲಿ ಬಾಡಿಗೆ ರೂಮು ಹಿಡಿದಿರುವ ನಮಗೆ ಇದಕ್ಕೊಂದು ಉಪಾಯ ಗೊತ್ತು. ಲೈಬ್ರರಿಯ ಪುಸ್ತಕ ಕೈಗೆ ಬಂದರೆ ಮೊದಲು ಕೊನೆಯ ಪುಟ ತಿರುವುತ್ತೇವೆ. ಅಲ್ಲಿ ಅಂಟಿಸಿದ ಚೀಟಿಯಲ್ಲಿ ತಾರೀಕಿನ ಸೀಲುಗಳಿರುತ್ತವೆ. ಸೀಲು ಒತ್ತೊತ್ತಾಗಿದ್ದರೆ ಪುಸ್ತಕ ಹಲವು ಮನೆ ಸುತ್ತಿ ಬಂದಿದೆ ಎಂದರ್ಥ. ಕೆಲವೊಮ್ಮೆ ಪೆನ್ಸಿಲಿನ ತೀರ್ಪೂ ಸಿಗುತ್ತದೆ: ‘ತುಂಬಾ ಚೆನ್ನಾಗಿದೆ, ಓದಿ’. ಅದರ ಕೆಳಗೆ ಇನ್ನೊಂದು ಕೈಬರಹ: ‘ಕೊನೆ ಸಪ್ಪೆ’. ಲೈಬ್ರರಿ ಪುಸ್ತಕದಲ್ಲಿ ಗೀಚಬಾರದು, ನಿಜ. ಆದರೆ ಓದಿದವರಿಗೆ ಮುಂದಿನವರಿಗೊಂದು ಮಾತು ಹೇಳಬೇಕು ಅನಿಸುತ್ತದೆ. ಬೇರೆ ಜಾಗವಿಲ್ಲದೆ ಪುಟದ ಮೇಲೆಯೇ ಹೇಳುತ್ತಾರೆ.

ಆ ಜಾಗವನ್ನು ಕ್ಯಾಟಲಾಗ್‌ನಲ್ಲೇ ಕೊಡಬಹುದು. ಅಮೆರಿಕದ ಆ್ಯನ್ ಆರ್ಬರ್ ಊರಿನ ಸಾರ್ವಜನಿಕ ಗ್ರಂಥಾಲಯ 2007ರಲ್ಲೇ ಓದುಗರಿಗೆ ಸ್ಟಾರ್ ಹಾಕಲು, ಅಭಿಪ್ರಾಯ ಬರೆಯಲು ಅವಕಾಶ ಕೊಟ್ಟಿತು. ನ್ಯೂಜಿಲೆಂಡಿನ ಸಣ್ಣ ಊರಿನ ಲೈಬ್ರರಿಗಾಗಿ ತಯಾರಾಗಿ 2000ದಲ್ಲಿ ಬಳಕೆಗೆ ಬಂದ ‘ಕೋಹಾ’ ತಂತ್ರಾಂಶದಲ್ಲೂ ಈಗ ಈ ಸೌಲಭ್ಯವಿದೆ. ಮಾವೋರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಹೆಸರಿಗೆ ತಕ್ಕಂತೆ ಅದು ಉಚಿತ. ನಮ್ಮ ರಾಜ್ಯದ ಹಲವು ಕಾಲೇಜು ಲೈಬ್ರರಿಗಳು ಅದನ್ನು ಬಳಸುತ್ತಿವೆ.

ಓದುಗರಿಗೆ ತಕ್ಕ ಪುಸ್ತಕ ಸಿಗಬೇಕು, ಪುಸ್ತಕಕ್ಕೂ ತಕ್ಕ ಓದುಗರು ಸಿಗಬೇಕು. ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡರ ತಿರುಳು ಇದು. ಗ್ರಂಥಾಲಯ ವಿಜ್ಞಾನ ಕಲಿಸಲು 1962ರಲ್ಲಿ ಬೆಂಗಳೂರಿನಲ್ಲೇ ಕೇಂದ್ರ ತೆರೆದವರು ಅವರು.

ಹಾಗಂತ ಬರೀ ಸ್ಟಾರ್ ಸಾಲದು. ಸಣ್ಣ ಲೈಬ್ರರಿಯಲ್ಲಿ ಒಂದು ಪುಸ್ತಕಕ್ಕೆ ಮೂರು ಜನ ಸ್ಟಾರ್ ಹಾಕಿ, ಅದರಲ್ಲಿ ಇಬ್ಬರು ಲೇಖಕರ ನೆಂಟರಾದರೆ ಮುಗಿಯಿತು. ನಮ್ಮ ರೂಮಿನಲ್ಲೇ ಒಬ್ಬರ ಐದು ಸ್ಟಾರ್ ಕಾದಂಬರಿ ಇನ್ನೊಬ್ಬರಿಗೆ ನಿದ್ದೆ ಮಾತ್ರೆ. ಅದಕ್ಕಿಂತ ‘ಅಜ್ಜಿಗೆ ಓದಿ ಹೇಳಿದೆ, ಅಕ್ಷರ ದೊಡ್ಡದಿದೆ’ ಅಥವಾ ‘ಪಿಡಿಒ ಪರೀಕ್ಷೆಗೆ ಬೇಡ, ಮಾಹಿತಿ ಹಳೆಯದು’ ಎಂಬ ಒಂದು ಸಾಲು ಹೆಚ್ಚು ಉಪಯೋಗ. ಯಾರಿಗೆ ಆಗುತ್ತದೆ, ಯಾರಿಗೆ ಆಗುವುದಿಲ್ಲ ಎಂದು ಅದು ಹೇಳುತ್ತದೆ.

ಇನ್ನೊಂದು ಎಚ್ಚರ. ಊರಿನಲ್ಲಿ ಯಾರು ಏನು ಓದಿದರು ಎಂಬುದೂ ಸುದ್ದಿಯೇ. ಮುಟ್ಟಿನ ಬಗ್ಗೆ ಓದಿದ ಹುಡುಗಿ, ವಿಚ್ಛೇದನದ ಕಾನೂನು ಓದಿದ ಅಕ್ಕ, ಸಾಲ ತೀರಿಸುವ ದಾರಿ ಹುಡುಕಿದ ಅಣ್ಣ ಬಾಯಿಗೆ ಬೀಳಬಾರದು. ಹೆಸರು ಹಾಕುವುದು ಬಿಡುವುದು ಓದಿದವರ ಇಷ್ಟ. ಯಾರು ಯಾವ ಪುಸ್ತಕ ಒಯ್ದರು ಎಂಬ ಲೆಕ್ಕ ಎಂದೂ ಹೊರಗೆ ಕಾಣಬಾರದು.

ಲೈಬ್ರರಿಗಳು ನಡೆಯುವುದು ನಮ್ಮದೇ ಹಣದಲ್ಲಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಂತೆ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್ ಕಟ್ಟುತ್ತೇವೆ. ಓದುಗರ ಈ ಸಾಲುಗಳು ಪುಸ್ತಕ ಖರೀದಿಸುವವರ ಮೇಜಿಗೂ ಹೋದರೆ, ಯಾರೂ ಮುಟ್ಟದ ಕಟ್ಟುಗಳ ಬದಲು ಕೇಳಿದ ಪುಸ್ತಕ ಬಂದೀತು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿದವು. ನಿಮ್ಮೂರಿನ ಲೈಬ್ರರಿಗೆ ಇಂಥ ಕ್ಯಾಟಲಾಗ್ ಬರುವ ತನಕ ಕಾಯಬೇಕಿಲ್ಲ. ಗ್ರಂಥಪಾಲಕರನ್ನು ಕೇಳಿ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಡಿ, ದಾರ ಕಟ್ಟಿದ ಪೆನ್ನು ಇಡಿ. ಪುಸ್ತಕದ ಹೆಸರು, ಯಾರು ಓದಿದರೆ ಚೆನ್ನ, ಏಕೆ, ಇಷ್ಟು ಬರೆದರೆ ಸಾಕು. ಮೊದಲ ಸಾಲು ನಿಮ್ಮದಾಗಲಿ.