ರಿಕಾಪಿನ ಊರು ಕನಜಾವಾ

ಜಪಾನಿನ ಹಿರಿಯ ದ್ವೀಪದ ಪಶ್ಚಿಮ ತೀರದಲ್ಲಿ, ಸೈ ಮತ್ತು ಅಸಾನೋ ಎಂಬ ಎರಡು ನದಿಗಳ ನಡುವೆ ಕನಜಾವಾ ನಗರವಿದೆ. ಚಳಿಗಾಲದಲ್ಲಿ ಸಮುದ್ರದ ಕಡೆಯಿಂದ ಬೀಸುವ ಗಾಳಿ ಇಲ್ಲಿಗೆ ಒದ್ದೆಯಾದ, ಭಾರವಾದ ಹಿಮವನ್ನು ಹೊತ್ತು ತರುತ್ತದೆ. ಆ ಭಾರಕ್ಕೆ ಮರಗಳ ಕೊಂಬೆ ಮುರಿಯದಿರಲೆಂದು ಕೆನ್ರೊಕುಯೆನ್ ಉದ್ಯಾನದ ಮಾಲಿಗಳು ಒಂದೊಂದು ಕೊಂಬೆಯನ್ನೂ ಹಗ್ಗದಿಂದ ಮೇಲಕ್ಕೆ ಬಿಗಿದು ಕಟ್ಟುತ್ತಾರೆ. ದೂರದಿಂದ ನೋಡಿದವರಿಗೆ ಬಟ್ಟೆ ಹರಿದುಹೋಗಿ ಕಡ್ಡಿ ಮಾತ್ರ ಉಳಿದ ದೊಡ್ಡ ಕೊಡೆಗಳನ್ನು ಮರಗಳ ಮೇಲೆ ಬಿಡಿಸಿಟ್ಟಂತೆ ತೋರುತ್ತದೆ.

2015ರಲ್ಲಿ ಟೋಕಿಯೋದಿಂದ ಇಲ್ಲಿಗೆ ನೇರವಾಗಿ ಶರವೇಗದ ರೈಲು ಬಂದಿತು. ಅಂದಿನಿಂದ ಪ್ರವಾಸಿಗರ ಸಂಖ್ಯೆ ಹೆಚ್ಚಿದೆ. ಊರಿನ ಹೆಸರಿಗೆ ‘ಚಿನ್ನದ ಜೌಗು’ ಎಂದು ಅರ್ಥ. ಜಪಾನಿನಲ್ಲಿ ತಯಾರಾಗುವ ಚಿನ್ನದ ರೇಕಿನಲ್ಲಿ ಬಹುಪಾಲು ಈ ಊರಿನದೇ. ಐಸ್‌ಕ್ರೀಮಿಗೂ ಚಿನ್ನದ ರೇಕನ್ನು ಹೊದಿಸಿ ಮಾರುವ ಜಾಣರು ಇಲ್ಲಿದ್ದಾರೆ. ತಿಂದವರ ನಾಲಗೆಗೆ ಅದರ ರುಚಿ ತಿಳಿಯುವುದಿಲ್ಲವಾದರೂ ಭಾವಚಿತ್ರಕ್ಕೆ ಅದು ಸೊಗಸು. ಇದೇ ಊರಿನ ಇನ್ನೊಂದು ಲೋಹವಿದ್ಯೆಯನ್ನು ಮಾತ್ರ ಕೇಳುವವರು ಕಡಿಮೆ. ಅದರ ಹೆಸರು ಕಾಗಾ ಜೋಗನ್.

ಒಂದು ಲೋಹದಲ್ಲಿ ಇನ್ನೊಂದು ಲೋಹವನ್ನು ಹುದುಗಿಸಿ ಚಿತ್ರ ಬಿಡಿಸುವ ಕಲೆಯೇ ಜೋಗನ್. ಬೀದರಿನ ಬಿದರಿ ಹೂಜಿಯನ್ನು ಕೈಯಲ್ಲಿ ಹಿಡಿದು ನೋಡಿದ ಕನ್ನಡಿಗರಿಗೆ ಇದು ತೀರ ಅಪರಿಚಿತವೆನಿಸದು. ಕಾಗಾ ಎಂಬುದು ಈ ಸೀಮೆಯ ಹಳೆಯ ಹೆಸರು. 1583ರಲ್ಲಿ ಇಲ್ಲಿನ ಕೋಟೆಯನ್ನು ಹೊಕ್ಕ ಮಾಯೆದಾ ಮನೆತನ ಮುಂದೆ ಜಪಾನಿನ ಸಾಮಂತರಲ್ಲೆಲ್ಲ ಸಿರಿವಂತ ಮನೆತನವಾಯಿತು. ಸಿರಿ ಹೆಚ್ಚಿದ ಸಾಮಂತನನ್ನು ಶೋಗನ್ ಸಂಶಯದಿಂದ ನೋಡುವುದು ಸಹಜ. ಮಾಯೆದಾ ಒಡೆಯರು ತಮ್ಮ ಹಣವನ್ನು ಸೈನ್ಯಕ್ಕೆ ಸುರಿಯದೆ ಕಲೆಗೆ ಸುರಿದುದು ಆ ಸಂಶಯವನ್ನು ತಣಿಸುವುದಕ್ಕೆಂದು ಹೇಳುತ್ತಾರೆ. ಉದ್ದೇಶ ಏನೇ ಇರಲಿ, ಫಲ ಒಳ್ಳೆಯದಾಯಿತು. ಅರಮನೆಯ ಕಾರ್ಯಾಗಾರದಲ್ಲಿ ಕುಶಲಿಗಳಿಗೆ ಸಂಬಳ ಸಿಕ್ಕಿತು. ಅವರು ತಮ್ಮ ಕಸುಬಿನ ಜೊತೆಗೆ ನೋ ನಾಟಕವನ್ನೂ ಕಲಿತು ಆಡಬೇಕಾಗಿತ್ತು!

ಇಲ್ಲಿಯ ಜೋಗನ್ ಕಲೆಗೆ ಕೀರ್ತಿ ತಂದ ವಸ್ತು ಹೂದಾನಿಯಲ್ಲ, ಕುದುರೆಯ ರಿಕಾಪು. ನಮ್ಮ ಹಳೆಯ ಕವಿಗಳು ಅಂಕವಣಿ ಎಂದು ಕರೆದದ್ದು. ಸವಾರನ ಭಾರವೆಲ್ಲ ಬೀಳುವ, ಮಳೆ ಕೆಸರುಗಳಲ್ಲಿ ತೊಯ್ಯುವ ಕಬ್ಬಿಣದ ಮೇಲೆ ಬೆಳ್ಳಿಯ ಬಳ್ಳಿ ಉದುರದೆ ನಿಲ್ಲಬೇಕು. ಅದಕ್ಕಾಗಿ ಕಾಗಾದವರು ಹಿಡಿದ ಉಪಾಯ ಸರಳ, ಸಾಧನೆ ಕಠಿಣ. ಚಾಣದಿಂದ ತೋಡಿದ ಗುಳಿಯ ಬಾಯಿ ಕಿರಿದು, ತಳ ಅಗಲ. ಕಾಸಿ ಮೆದುವಾಗಿಸಿದ ಬೆಳ್ಳಿಯ ತುಣುಕನ್ನು ಅದರೊಳಗಿಟ್ಟು ಬಡಿದರೆ ಅದು ತಳದಲ್ಲಿ ಹರಡಿಕೊಳ್ಳುತ್ತದೆ. ಕಿರಿದಾದ ಬಾಯಿಯಿಂದ ಮತ್ತೆ ಹೊರಬರಲಾರದು. ಆಮೇಲೆ ಮೇಲ್ಮೈಯನ್ನು ಅರದಿಂದ ಸವರಿ ಸಮ ಮಾಡಿದರೆ, ಬೆರಳಾಡಿಸಿದರೂ ಎರಡು ಲೋಹಗಳ ಸಂದು ತಿಳಿಯುವುದಿಲ್ಲ. ಅಂಟಿಲ್ಲ, ಬೆಸುಗೆಯಿಲ್ಲ. ಕಾಗಾ ರಿಕಾಪು ಎಂದರೆ ಶೋಗನ್ನನಿಗೂ ಇತರ ಸಾಮಂತರಿಗೂ ಕಳಿಸಬಹುದಾದ ಕಾಣಿಕೆ ಎನಿಸಿತು.

ಇಂದಿನ ಹೂದಾನಿ ಪೆಟ್ಟಿಗೆಗಳಲ್ಲಿ ಕಬ್ಬಿಣಕ್ಕಿಂತ ತಾಮ್ರದ ಮಿಶ್ರಲೋಹಗಳ ಬಳಕೆ ಹೆಚ್ಚು. ಕಾಲುಭಾಗ ಬೆಳ್ಳಿ ಬೆರೆತ ತಾಮ್ರಕ್ಕೆ ಶಿಬುಯಿಚಿ ಎಂದು ಹೆಸರು. ಶಬ್ದದ ಅರ್ಥವೂ ‘ನಾಲ್ಕರಲ್ಲೊಂದು’ ಎಂದೇ. ತುಸು ಚಿನ್ನ ಬೆರೆತದ್ದು ಶಾಕುದೋ. ಬಣ್ಣ ಬರಿಸುವ ಕ್ರಮವಂತೂ ಅಡುಗೆಮನೆಯ ಗೃಹಿಣಿಯರಿಗೂ ಕುತೂಹಲವನ್ನುಂಟುಮಾಡುವಂಥದು. ಸಿದ್ಧವಾದ ವಸ್ತುವಿಗೆ ತುರಿದ ಮೂಲಂಗಿಯನ್ನು ಸವರಿ, ಕಿಲುಬು ಮತ್ತು ಮೈಲುತುತ್ತ ಕರಗಿಸಿದ ನೀರಿನಲ್ಲಿ ಕುದಿಸುತ್ತಾರೆ. ಮೂಲಂಗಿಯಿಲ್ಲದಿದ್ದರೆ ಬಣ್ಣ ಕಲೆಕಲೆಯಾಗುತ್ತದೆಯಂತೆ. ಕುದಿದು ಹೊರಬಂದಾಗ ಶಾಕುದೋ ನೇರಳೆಗಪ್ಪು, ಶಿಬುಯಿಚಿ ಬೂದಿ, ತಾಮ್ರ ಕೆಂಗಂದು. ಬೆಳ್ಳಿ ಬಂಗಾರಗಳು ಮಾತ್ರ ತಮ್ಮ ಮೊದಲ ಬಣ್ಣವನ್ನು ಬಿಡದೆ ಹೊಳೆಯುತ್ತವೆ.

1871ರಲ್ಲಿ ಸಾಮಂತ ರಾಜ್ಯಗಳು ರದ್ದಾದವು. 1876ರಲ್ಲಿ ಖಡ್ಗ ಧರಿಸುವುದು ನಿಷಿದ್ಧವಾಯಿತು. ಒಡೆಯನೂ ಇಲ್ಲ, ಕುದುರೆಯೂ ಇಲ್ಲ, ಕತ್ತಿಯೂ ಇಲ್ಲ. ರಿಕಾಪು ಮಾಡುವವನು ಉಣ್ಣುವುದೇನನ್ನು? ಮರುವರ್ಷವೇ ಕನಜಾವಾದಲ್ಲಿ ಒಂದು ತಾಮ್ರಪಾತ್ರೆ ಕಂಪೆನಿ ಹುಟ್ಟಿಕೊಂಡು ಕೆಲಸ ಕಳೆದುಕೊಂಡ ಕುಶಲಿಗಳನ್ನು ಒಟ್ಟುಗೂಡಿಸಿತು. ಸವಾರನ ಕಾಲಡಿಯಲ್ಲಿದ್ದ ಕಲೆ ಯುರೋಪಿನ ಧನಿಕರ ಮನೆಗಳ ಹೂದಾನಿಗೆ ಏರಿತು. ಕಂಪೆನಿ ಎರಡು ದಶಕ ಕೂಡ ಬಾಳಲಿಲ್ಲ. ಆದರೂ ಆ ಕೆಲವು ವರ್ಷ ಚಾಣ ಹಿಡಿದ ಕೈಗಳು ಚಾಣವನ್ನು ಕೆಳಗಿಡದಂತೆ ಕಾದ ಪುಣ್ಯ ಅದಕ್ಕೆ ಸಲ್ಲಬೇಕು.

ಅರಸು ಹೋದ ಮೇಲೆ ಕಲೆಗೆ ಆಶ್ರಯ ಕೊಡತಕ್ಕವರು ಯಾರು ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಈ ಊರನ್ನು ಬಿಟ್ಟಿಲ್ಲ. ಸರ್ಕಾರವೇನೋ ಇದೆ. ಆದರೆ ಪಾರಂಪರಿಕ ಕರಕುಶಲ ಉದ್ಯಮಗಳಿಗಾಗಿ 1974ರಲ್ಲಿ ಬಂದ ಕಾಯಿದೆ, ಒಂದು ಸೀಮೆಯಲ್ಲಿ ಹತ್ತು ಸಂಸ್ಥೆಗಳೋ ಮೂವತ್ತು ಕೆಲಸಗಾರರೋ ಇದ್ದರೆ ಮಾತ್ರ ಒಂದು ಕಸುಬನ್ನು ಪಟ್ಟಿಗೆ ಸೇರಿಸುತ್ತದೆ. ಕುಮಾಮೋಟೋದ ಹಿಗೋ ಜೋಗನ್ 2003ರಲ್ಲಿ ಅಲ್ಲಿ ಸ್ಥಾನ ಪಡೆಯಿತು. ಬೆರಳೆಣಿಕೆಯ ಕೈಗಳಲ್ಲಿ ಉಳಿದ ಕಾಗಾ ಜೋಗನ್ ಆ ಪಟ್ಟಿಯಲ್ಲಿಲ್ಲ. ಯಾರಿಗೆ ನೆರವು ಹೆಚ್ಚು ಬೇಕೋ ಅವರೇ ಲೆಕ್ಕಕ್ಕೆ ಸಾಲದವರಾದದ್ದು ವಿಚಿತ್ರ ನ್ಯಾಯ.

ಇಂಥ ಕಡೆ ವ್ಯಾಪಾರಿ ಸಂಸ್ಥೆಗಳು ಒಡೆಯರ ಸ್ಥಾನದಲ್ಲಿ ಬಂದು ನಿಂತಿವೆ. 1673ರಲ್ಲಿ ಜವಳಿ ಅಂಗಡಿಯಾಗಿ ಹುಟ್ಟಿದ ಮಿತ್ಸುಕೋಶಿ 1954ರಲ್ಲಿ ತನ್ನ ಟೋಕಿಯೋ ಮಳಿಗೆಯನ್ನೇ ಪಾರಂಪರಿಕ ಕಲೆಗಳ ಪ್ರದರ್ಶನಕ್ಕೆ ತೆರೆದುಕೊಟ್ಟಿತು. ಆ ಪ್ರದರ್ಶನ ಇಂದಿಗೂ ವರ್ಷವರ್ಷವೂ ನಡೆಯುತ್ತದೆ. ಸೀರೆ ಕೊಳ್ಳಲು ಹೋದವರಿಗೆ ಮೇಲಿನ ಅಂತಸ್ತಿನಲ್ಲಿ ಶಿಲ್ಪದರ್ಶನವಾದರೆ ಹೇಗೋ ಹಾಗೆ. ಸೌಂದರ್ಯಸಾಧನಗಳನ್ನು ಮಾರುವ ಪೋಲಾ ಕಂಪೆನಿ 1979ರಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿತು. ಅದು ಕುಶಲಿಗಳಿಗೆ ಪುರಸ್ಕಾರ ನೀಡುವುದಲ್ಲದೆ ಅವರ ಕೆಲಸವನ್ನು ಚಲನಚಿತ್ರಗಳಲ್ಲಿ ದಾಖಲಿಸುತ್ತದೆ.

ಆದರೆ ಉದ್ಯಮಕ್ಕೂ ಜೋಗನ್‌ಗೂ ಬೆಸೆದ ಅತ್ಯಂತ ರಮ್ಯವಾದ ನಂಟು ನಕಾಗಾವಾ ಮಮೋರು ಅವರ ಬಾಳಿನಲ್ಲಿದೆ. 1947ರಲ್ಲಿ ಕನಜಾವಾದಲ್ಲಿ ಹುಟ್ಟಿದ ಅವರು ಕಾಲೇಜು ಮುಗಿಸಿ ಸೇರಿದ್ದು ಒಸಾಕಾದ ಮತ್ಸುಷಿತಾ ವಿದ್ಯುತ್ ಸಲಕರಣೆಗಳ ಕಾರ್ಖಾನೆಯನ್ನು. ಅಲ್ಲಿ ದಿನಬಳಕೆಯ ಯಂತ್ರಗಳಿಗೆ ರೂಪ ಕೊಡುವುದು ಅವರ ಉದ್ಯೋಗ. ಇಪ್ಪತ್ತೇಳರ ವಯಸ್ಸಿನಲ್ಲಿ ಊರಿಗೆ ಹಿಂದಿರುಗಿದವರು ಒಂದು ಪ್ರದರ್ಶನದಲ್ಲಿ ಹಳೆಯ ರಿಕಾಪನ್ನು ಕಂಡು ಮರುಳಾಗಿ, ತಕಾಹಾಶಿ ಕೈಶು ಎಂಬ ಗುರುವಿನ ಬಳಿ ಚಾಣ ಹಿಡಿದರು. 2004ರಲ್ಲಿ ಸರ್ಕಾರ ಅವರಿಗೆ, ‘ಜೀವಂತ ರಾಷ್ಟ್ರನಿಧಿ’ ಎಂದು ಜನ ಕರೆಯುವ ಗೌರವವನ್ನು ನೀಡಿತು. ಹುದುಗಿಸಿದ ಲೋಹದೊಳಗೆ ಮತ್ತೊಂದನ್ನು, ಅದರೊಳಗೆ ಮಗದೊಂದನ್ನು ಹುದುಗಿಸಿ ಅವರು ಬಿಡಿಸಿದ ಗೆರೆಗಳಲ್ಲಿ ಕಾರ್ಖಾನೆ ಕಲಿಸಿದ ಮಿತವೂ ಇದೆ. 2023ರಲ್ಲಿ, ಈಗ ಪ್ಯಾನಸೋನಿಕ್ ಎನಿಸಿರುವ ಆ ಸಂಸ್ಥೆ ಟೋಕಿಯೋದ ತನ್ನ ಕಲಾಶಾಲೆಯ ಇಪ್ಪತ್ತನೆಯ ವರ್ಷದಲ್ಲಿ ತನ್ನ ಹಳೆಯ ನೌಕರನ ಕೃತಿಗಳ ಪ್ರದರ್ಶನವನ್ನೇ ಏರ್ಪಡಿಸಿತು.

ಪ್ರದರ್ಶನ, ಪುರಸ್ಕಾರ, ಚಲನಚಿತ್ರ ಎಲ್ಲವೂ ಬೇಕು. ಆದರೆ ಇವೆಲ್ಲ ಕೆಲಸ ಕಲಿತವನಿಗೆ ಸಲ್ಲುವಂಥವು. ಕಲಿಯುತ್ತಿರುವವನ ಪಾಡು ಬೇರೆ. ಮಾಯೆದಾ ಒಡೆಯ ಕೊಂಡದ್ದು ರಿಕಾಪನ್ನಷ್ಟೇ ಅಲ್ಲ, ಅದನ್ನು ಮಾಡುವವನ ವರ್ಷಗಳನ್ನು. ರಾಷ್ಟ್ರನಿಧಿಯೆನಿಸಿದವರಿಗೆ ಸರ್ಕಾರ ವರ್ಷಕ್ಕೆ ಇಪ್ಪತ್ತು ಲಕ್ಷ ಯೆನ್ ಕೊಡುವುದು ಶಿಷ್ಯರನ್ನು ತಯಾರು ಮಾಡಲೆಂದೇ. ಕಂಪೆನಿಗಳ ಔದಾರ್ಯ ಆ ಕಡೆ ತಿರುಗಿದ್ದು ಇನ್ನೂ ಕಡಿಮೆ. ಹೂದಾನಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಬಹುದು, ಶಿಷ್ಯನ ಮೊದಲ ಐದು ವರ್ಷಗಳನ್ನು ತೋರಿಸುವುದು ಹೇಗೆ?

ಕನಜಾವಾ ನಗರ ತನ್ನ ಪಾಲಿನದನ್ನು ಮಾಡುತ್ತಿದೆ. ಉತಾತ್ಸು ಬೆಟ್ಟದ ಮೇಲೆ 1989ರಲ್ಲಿ ಅದು ತೆರೆದ ಕಾರ್ಯಾಗಾರದಲ್ಲಿ ಯುವಕ ಯುವತಿಯರು ಲೋಹವನ್ನೂ ಕಲಿಯುತ್ತಾರೆ. 2020ರಲ್ಲಿ ರಾಷ್ಟ್ರೀಯ ಕರಕುಶಲ ವಸ್ತುಸಂಗ್ರಹಾಲಯ ಟೋಕಿಯೋದಿಂದ ಈ ಊರಿಗೇ ಬಂದು, ಹಳೆಯ ಸೈನ್ಯದ ಕಚೇರಿಯಿದ್ದ ಕಟ್ಟಡದಲ್ಲಿ ನೆಲೆಯೂರಿತು. ಲೋಹದ ಕೆಲಸ ಕಲಿಯಬಂದವರು ಮೊದಲು ತಮಗೆ ಬೇಕಾದ ಚಾಣಗಳನ್ನು ತಾವೇ ಕಾಸಿ, ಬಡಿದು, ಮಸೆದುಕೊಳ್ಳಬೇಕು. ಗುಳಿಯ ತಳ ಅಗಲಿಸುವ ಚಾಣಕ್ಕೆ ಒಂದು ಮೂತಿ, ಅಂಚು ತಿದ್ದುವುದಕ್ಕೆ ಇನ್ನೊಂದು. ಅವು ಅಂಗಡಿಯಲ್ಲಿ ಸಿಕ್ಕುವುದಿಲ್ಲ.