ಅಂದಾಜಿನ ಪಾಕಶಾಸ್ತ್ರ

ದೂರದರ್ಶನದ ಅಡುಗೆಯ ವಿಚಾರವನ್ನು ಸಾಹಿತ್ಯಪತ್ರಿಕೆಯಲ್ಲಿ ಬರೆಯಬಹುದೇ ಎಂದು ವಾಚಕರು ಹುಬ್ಬೇರಿಸಬಹುದು. ಇದಕ್ಕೆ ಪೂರ್ವಿಕರ ಆಧಾರವುಂಟು. 1025ರ ಸುಮಾರಿನಲ್ಲಿ ಇಮ್ಮಡಿ ಚಾವುಂಡರಾಯನು ತನ್ನ ‘ಲೋಕೋಪಕಾರ’ದಲ್ಲಿ ಅಡುಗೆಗೆ ಎಡೆಯಿತ್ತನು, ಕಲ್ಯಾಣದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ‘ಮಾನಸೋಲ್ಲಾಸ’ದೊಳಗೆ ಅನ್ನಭೋಗವನ್ನು ವಿಸ್ತರಿಸಿದನು, ಮೂರನೆಯ ಮಂಗರಸನಂತೂ 16ನೆಯ ಶತಮಾನದ ಆದಿಯಲ್ಲಿ ‘ಸೂಪಶಾಸ್ತ್ರ’ವನ್ನು ಪದ್ಯದಲ್ಲಿಯೇ ರಚಿಸಿದನು. ಅರಸರಿಗೂ ಕವಿಗಳಿಗೂ ಒಪ್ಪಿದ ವಿಷಯವು ನಿವೃತ್ತ ಉಪಾಧ್ಯಾಯನೊಬ್ಬನಿಗೆ ಏಕೆ ಒಪ್ಪಬಾರದು?

ನಾನು ಕೊಟ್ಟೂರಿನವನು. ಎರಡು ವರ್ಷಗಳ ಹಿಂದೆ ನನ್ನ ಗೃಹಿಣಿಗೆ ಪಕ್ಷವಾತ ತಗಲಿ ಬಲಗೈಯ ಸ್ವಾಧೀನ ತಪ್ಪಿತು. ನಲವತ್ತು ವರ್ಷ ರೊಟ್ಟಿ ಬಡಿದ ಕೈ ಅದು. ಮಾತು ಉಳಿಯಿತು, ಆದರೆ ಅಡುಗೆಯ ಮಾತನ್ನು ಮಾತ್ರ ಆಕೆ ಪೂರ್ತಿಯಾಗಿ ಬಿಟ್ಟಳು. ಉಪ್ಪು ಹೆಚ್ಚಾದರೂ ಹೇಳಳು, ಸಾಲದಿದ್ದರೂ ಹೇಳಳು. ಹೀಗಿರಲು ಒಂದು ಮಧ್ಯಾಹ್ನ ಯಾವುದೋ ವಾಹಿನಿಯಲ್ಲಿ ಒಬ್ಬಾತನು ಹರಟುತ್ತ ಪಲ್ಯ ಮಾಡುತ್ತಿದ್ದನು. ಆಕೆ ತಟ್ಟನೆ, “ಅಲ್ರೀ, ಎಣ್ಣಿ ಇನ್ನೂ ಕಾದಿಲ್ಲ, ಆಗ್ಲೇ ಉಳ್ಳಾಗಡ್ಡಿ ಹಾಕಿದ್ನಲ್ಲ!” ಎಂದಳು. ಅಂದಿನಿಂದ ಆ ಹೊತ್ತಿಗೆ ಟೀವಿಯನ್ನು ಆಕೆಯೇ ಹಾಕಿಸುವಳು.

ಗಡಿಯಾರ ಹಿಡಿದು, ಅಂಕ ಕೊಟ್ಟು, ಸೋತವರನ್ನು ಕಣ್ಣೀರಿನೊಡನೆ ಕಳುಹುವ ಅಡುಗೆಯ ಪಂದ್ಯಗಳು ಆಕೆಗೆ ಬೇಡ. ನನಗೂ ಬೇಡ, ಪರೀಕ್ಷೆಗಳನ್ನು ಮೂವತ್ತು ವರ್ಷ ನಡೆಸಿದ್ದೇನೆ, ಸಾಕು. ಜೀ ಕನ್ನಡದಲ್ಲಿ ‘ಒಗ್ಗರಣೆ ಡಬ್ಬಿ’ಯ ಮುರಳಿಯವರು, ಸ್ಟಾರ್ ಸುವರ್ಣದಲ್ಲಿ ‘ಬೊಂಬಾಟ್ ಭೋಜನ’ದ ಸಿಹಿಕಹಿ ಚಂದ್ರು ಅವರು ಜನಪ್ರಿಯರಾದುದು ನೆರೆಮನೆಯವರಂತೆ ಮಾತನಾಡಿದ್ದರಿಂದ. ಕಾಸರಗೋಡು ಸೀಮೆಯ ಸುದರ್ಶನ ಭಟ್ಟರು ಯೂಟ್ಯೂಬಿನಲ್ಲಿ ತೋರಿಸಿದ ಹಲಸಿನ ಅಡುಗೆಗಳನ್ನು ಕೂಡ್ಲಿಗಿ, ಹರಪನಹಳ್ಳಿಗಳ ಒಣಭೂಮಿಯಲ್ಲಿ ಯಾರು ಮಾಡಿಯಾರು? ಆದರೂ ನೋಡುವೆವು. ಆದುದರಿಂದ ಜನರನ್ನು ಹಿಡಿದು ಕೂಡಿಸುವುದು ಪದಾರ್ಥವಲ್ಲ. ಮಾಡುವವನ ನಿರಾಳವೇ ಸರಿ.

ಅಮೆರಿಕದ ಬೋಸ್ಟನ್ನಿನಿಂದ 1963ರಲ್ಲಿ ಆರಂಭವಾದ ತನ್ನ ಕಾರ್ಯಕ್ರಮದಲ್ಲಿ ಜೂಲಿಯಾ ಚೈಲ್ಡ್ ಎಂಬ ಮಹಿಳೆಯು ಒಮ್ಮೆ ಆಲೂಗಡ್ಡೆಯ ರೊಟ್ಟಿಯನ್ನು ಹಾರಿಸಿ ಮಗುಚಲು ಹೋಗಲು, ಅದರ ಒಂದು ಭಾಗ ಒಲೆಯ ಮೇಲೆ ಬಿದ್ದಿತು. ಆಕೆ ಅದನ್ನು ಬಾಚಿ ಬಾಣಲೆಗೆ ಹಾಕಿ, ಅಡುಗೆಮನೆಯಲ್ಲಿ ನೋಡುವವರು ಯಾರಿದ್ದಾರೆ ಎಂಬರ್ಥದ ಮಾತನ್ನಾಡಿ ಮುಂದುವರಿದಳು. ಎಷ್ಟು ಮಂದಿ ಗೃಹಿಣಿಯರಿಗೆ ಅದರಿಂದ ಧೈರ್ಯ ಬಂದಿತೋ!

ಇವರ ‘ಅಂದಾಜು’ ಎಂಬ ಮಾತು ಶಾಸ್ತ್ರಹೀನವೆಂದು ಕೆಲವು ವಿದ್ಯಾವಂತರು ಆಕ್ಷೇಪಿಸುವರು. ಅವರು ನಮ್ಮ ಜೋಳದ ರೊಟ್ಟಿಯನ್ನು ವಿಚಾರಿಸಿ ನೋಡಲಿ. ಗೋದಿಯ ಅಂಟು ಜೋಳಕ್ಕಿಲ್ಲ. ಕುದಿವ ನೀರು ಹೊಯ್ದು ಹಿಟ್ಟಿಗೆ ಜಿಗುಟು ತರಿಸಿ, ಬಿಸಿಯಿರುವಾಗಲೇ ನಾದಿ, ಕೈಯಿಂದ ಬಡಿದು ಅಗಲಿಸಬೇಕು. ಹೆಂಚಿಗೆ ಹಾಕಿದ ಮೇಲೆ ಮೇಲ್ಮೈಗೆ ನೀರು ಸವರಬೇಕು. ನಿನ್ನೆ ಬೀಸಿದ ಹಿಟ್ಟು ಹಿಡಿಯುವ ನೀರೇ ಬೇರೆ, ತಿಂಗಳ ಹಿಟ್ಟಿನದೇ ಬೇರೆ. ಇಂತಿಷ್ಟು ಲೋಟವೆಂದು ವಿಧಿಸಿದರೆ ವಿಧಿಯೇ ಸುಳ್ಳಾಗುವುದು. ‘ಹಿಟ್ಟು ಕೇಳಿದಷ್ಟು’ ಎಂಬುದೇ ಇಲ್ಲಿ ನಿಖರವಾದ ಅಳತೆ. ಪಾಠಶಾಲೆಯಲ್ಲಿ ನಾವು ಸೂತ್ರಗಳನ್ನು ಕಂಠಪಾಠ ಮಾಡಿದೆವು; ಅವು ಎಲ್ಲಿ ಅನ್ವಯಿಸುವುವು, ಎಲ್ಲಿ ಇಲ್ಲ ಎಂಬುದು ಗುರುಮುಖದಿಂದಲೇ ತಿಳಿಯಿತು.

ಆದರೆ ಹಿಟ್ಟಿನ ಬಿಸಿಯನ್ನು ಯಾವ ಪರದೆಯೂ ಮುಟ್ಟಿಸಲಾರದು. ಅದಕ್ಕೆ ಈಗ ನಮ್ಮ ಮನೆಯಲ್ಲಿ ಬೇರೆ ವ್ಯವಸ್ಥೆಯಾಗಿದೆ. ಕಾರ್ಯಕ್ರಮ ಮುಗಿದ ಮೇಲೆ ಆಕೆಯ ಕುರ್ಚಿ ಒಲೆಯ ಬಳಿಗೆ ಬರುವುದು, ಬಡಿಯುವವನು ನಾನು. ಆಕೆ ನೋಡುವುದಕ್ಕಿಂತ ಕೇಳುವುದೇ ಹೆಚ್ಚು. ಸಪ್ಪಳ ಗಡುಸಾದರೆ, “ತಡೀರಿ, ಹಿಟ್ಟು ಇನ್ನೂ ನೀರು ಕೇಳಾಕತ್ತೈತಿ” ಎನ್ನುವಳು. ಎಷ್ಟು ಎಂದು ನಾನು ಕೇಳಿದರೆ ಎಡಗೈಯನ್ನು ಪಾತ್ರೆಗೆ ಅದ್ದಿ, ಹಿಟ್ಟಿನ ಮೇಲೆ ನಾಲ್ಕು ಹನಿ ಚಿಮುಕಿಸುವಳು.